ದೊಡ್ಡವ್ವನ ಕಾಲಿಗೆ ಬೆಳ್ಳಿ

ಆ ದಿನದ ಡೈರಿಯಲ್ಲಿ ಇರುವುದು ಎರಡೇ ಸಾಲು: "ಕುಲಗೋಡಕ್ಕೆ ಹೋಗಿದ್ದೆ. ದೊಡ್ಡವ್ವನಿಗೆ ಆಪರೇಷನ್ ಬಗ್ಗೆ ವಿವರಿಸಿದೆ, ಚೆನ್ನಾಗಿ ಅರ್ಥವಾಯಿತು." ಯಾರಿಗೆ ಏನು ಅರ್ಥವಾಯಿತು ಎಂದು ಬರೆದಿಲ್ಲ. ನೆನಪಿನ ಮೇಲೆ ನಂಬಿಕೆಯಿಲ್ಲವೆಂದೇ ನಾನು ಡೈರಿ ಇಟ್ಟವಳು. ಅದನ್ನು ಬರೆಯುವವಳೂ ನಾನೇ ಎಂಬುದು ಮಾತ್ರ ಆಗಾಗ ಮರೆತುಹೋಗುತ್ತದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ನನಗೆ ಅನುಕೂಲವಾಗಿ ಕಾಣುವ ಭಾಗಗಳನ್ನು ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಕುಲಗೋಡದಲ್ಲಿ ಮನೆ, ಒಂದಿಷ್ಟು ಕಬ್ಬು, ಒಂದಿಷ್ಟು ಜೋಳ, ಒಂದು ಹಿಂಡು ಕುರಿ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅಂದಿನಿಂದ ಹಿಂಡಿನ ಯಜಮಾನಿಕೆ ಅವಳದೇ. ಕಳೆದ ವರ್ಷ, ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಟಗರು ಹಿಂದಿನಿಂದ ಬಂದು ಗುದ್ದಿ, ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಕುರಿ ಕಾಯುವ ಮನೆತನದ ಹೆಣ್ಣುಮಗಳಿಗೆ ತನ್ನದೇ ಟಗರು ಗುದ್ದಿತು ಎಂದು ಹೇಳಿಕೊಳ್ಳುವುದು ಮರ್ಯಾದೆಯ ಪ್ರಶ್ನೆ. ಎಲ್ಲರಿಗೂ ಬಚ್ಚಲಲ್ಲಿ ಜಾರಿದೆ ಎಂದಳು. ಆಸ್ಪತ್ರೆಯ ಕಾಗದದಲ್ಲೂ ಹಾಗೆಯೇ ಬರೆದಿದೆ. ದಾಖಲೆಗಳ ಮೇಲಿನ ನನ್ನ ಅಪನಂಬಿಕೆಗೆ ಇದೂ ಒಂದು ಕಾರಣ.

ಎಲುಬಿನೊಳಗೆ ಸ್ಟೀಲಿನ ರಾಡು ಹಾಕಿದರು. ಕೆಲವು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಕಣಕಾಲಿನ ಮೇಲೆ ಒಂದು ಸಣ್ಣ ತೂತು ಬಿದ್ದು ಕೀವು ಒಸರತೊಡಗಿತು. ಪಾದ ಬಾತಿತು. ಸಂಜೆ ಸಂಜೆಗೆ ಜ್ವರ. ಗೋಕಾಕದಲ್ಲಿ ಎಲುಬಿನ ಡಾಕ್ಟರರಿಗೆ ತೋರಿಸಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ರಾಡಿನ ಮೇಲೆ ಸೋಂಕು ಕೂತಿದೆ. ಅದನ್ನು ತೆಗೆದು, ಎಲುಬಿನ ಒಳಗೆ ಕೆರೆದು ತೊಳೆದು, ಔಷಧಿ ಇರುವ ಬೇರೆ ರಾಡು ಹಾಕಬೇಕು. ಒಂದು ವಾರದೊಳಗೆ ಆಗಬೇಕು. ತಡವಾದರೆ ಎಲುಬು ಕೊಳೆಯುತ್ತದೆ, ಆಗ ಕಾಲನ್ನೇ ತೆಗೆಯುವ ಮಾತು ಬರಬಹುದು.

ಇಲ್ಲಿ ನನ್ನ ವಿದ್ಯೆಯ ಪ್ರವೇಶವಾಗುತ್ತದೆ. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಆರು ವರ್ಷ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೂತು ಮಾಡಿದ ಸಂಶೋಧನೆ ಸರಿಯಾಗಿ ಇದೇ ವಿಷಯದ ಮೇಲೆ: ಎಲುಬಿನಲ್ಲಿ ಇಡುವ ಲೋಹದ ಮೇಲೆ ಬೆಳ್ಳಿಯ ಅತಿಸಣ್ಣ ಕಣಗಳನ್ನು ಲೇಪಿಸಿ, ರೋಗಾಣುಗಳು ಅಲ್ಲಿ ಮನೆ ಮಾಡದಂತೆ ನೋಡಿಕೊಳ್ಳುವುದು. ಆ ಆರು ವರ್ಷಗಳಲ್ಲಿ ನೀನು ಏನು ಓದುತ್ತಿದ್ದೀ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರ ಲೆಕ್ಕದಲ್ಲಿ ನಾನು ಗುಳಿಗೆ ಬರೆದುಕೊಡಲು ಬಾರದ ಡಾಕ್ಟರು. ಈಗ, ಮೊದಲ ಸಲ, ನನ್ನ ವಿಷಯ ನಮ್ಮದೇ ಮನೆಯ ಮಂಚದ ಮೇಲೆ ಕಾಲು ಚಾಚಿ ಮಲಗಿತ್ತು. ಕುಲಗೋಡದ ಬಸ್ಸು ಹತ್ತಿದಾಗ ನನಗೆ ಬೇಸರಕ್ಕಿಂತ ಉತ್ಸಾಹವೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

"ದೊಡವ್ವಾ, ಕುರಿಗೆ ನೀರಿಡೂ ಬಾನಿ ನಾಕ ದಿನಾ ತಿಕ್ಕಲಿಲ್ಲಂದ್ರ ಒಳಗ ಲೋಳಿ ಕಟ್ಟತೈತಿಲ್ಲೋ?"

"ಕಟ್ಟತೈತಿ."

"ಹಂಗ ರಾಡಿನ ಮ್ಯಾಲ ಕಟ್ಟೈತಿ. ಗುಳಗಿ ನುಂಗಿದ್ರ ಔಷಧ ರಕ್ತದಾಗ ಹೋಗತೈತಿ. ಆದ್ರ ಕಬ್ಬಿಣಕ್ಕ ರಕ್ತ ಎಲ್ಲಿಂದ ಬರಬೇಕು? ಔಷಧ ಅಲ್ಲಿಗೆ ಮುಟ್ಟೂದಽ ಇಲ್ಲ."

"ಮತ್ತ ಬಾನಿ ತಿಕ್ಕಬೇಕು."

"ತಿಕ್ಕಿ, ಮತ್ತೊಮ್ಮೆ ಲೋಳಿ ಕಟ್ಟಲಾರದಂಥಾ ರಾಡ್ ಹಾಕಬೇಕು."

"ಅಂಥಾದ್ದು ಐತೇನು?"

ಐತಿ, ಡಾಕ್ಟರು ಹಾಕ್ತಾರ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಫೋನು ತೆಗೆದು ನನ್ನ ಪ್ರಬಂಧದ ಚಿತ್ರಗಳನ್ನು ತೋರಿಸಿದೆ. ಕಪ್ಪು ಹಿನ್ನೆಲೆಯಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಕಣಗಳು.

"ಇವು ಬೆಳ್ಳಿ ನೋಡು. ಬೆಳ್ಳಿ ಇದ್ದಲ್ಲಿ ಹುಳ ಹತ್ತೂದಿಲ್ಲ. ಇದನ್ನ ನಾನಽ ಮಾಡೇನಿ."

"ಖರೇ ಬೆಳ್ಳಿ?"

"ಖರೇ ಬೆಳ್ಳಿ."

"ಕಾಲಾಗ ಇಡ್ತಾರ?"

"ಎಲುಬಿನ ಒಳಗ."

ದೊಡ್ಡವ್ವ ಸುಮ್ಮನಾದಳು. ಆ ಮೌನವನ್ನು ನಾನು ಮೆಚ್ಚುಗೆ ಎಂದುಕೊಂಡೆ. ಡೈರಿಯ ಎರಡು ಸಾಲು ಹುಟ್ಟಿದ್ದು ಆ ಮೌನದಿಂದ.

ಎರಡು ದಿನ ಬಿಟ್ಟು ಅವಳ ಫೋನು ಬಂತು. "ನಾ ಆಪರೇಷನ್ ಮಾಡಿಸ್ಕೊಳ್ಳೂದಿಲ್ಲ. ಗಾಡಿಗೀಡಿ ಹೇಳಬ್ಯಾಡ." ಇಷ್ಟು ಹೇಳಿ ಇಟ್ಟುಬಿಟ್ಟಳು.

ಓಡಿದೆ. ಮನೆಯಲ್ಲಿ ಹುಕ್ಕೇರಿ ಅತ್ತೆ ಕೂತಿದ್ದಳು. ಈಕೆ ದೊಡ್ಡಪ್ಪನ ತಂಗಿ, ನನಗೆ ಸೋದರತ್ತೆ, ಹುಕ್ಕೇರಿಗೆ ಕೊಟ್ಟ ಹೆಣ್ಣು. ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕಾಲು ನೋಡಲು ಒಂದು ಗಂಟು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು, ಬೆಳ್ಳಿಯ ಸುದ್ದಿ ಕೇಳಿ ಅಲ್ಲೇ ಉಳಿದಿದ್ದಳು. ನಮ್ಮ ಮನೆತನದಲ್ಲಿ ಗಂಡ ಸತ್ತ ಹೆಂಗಸು ಕಾಲಿಗೆ ಬೆಳ್ಳಿ ಹಾಕುವುದಿಲ್ಲ. ಕಾಲುಂಗುರ ಮೊದಲು ಹೋಗುತ್ತವೆ, ಚೈನು ಆಮೇಲೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಪ್ರಯೋಗಾಲಯದ ಬೆಳ್ಳಿಗೂ ಅಕ್ಕಸಾಲಿಗರ ಬೆಳ್ಳಿಗೂ ಒಂದೇ ನಿಯಮ ಹತ್ತಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ನಮ್ಮಣ್ಣ ಹೋದಾಗ ಕಾಲಾಗಿನ ಬೆಳ್ಳಿ ತಗದಾಕಿ," ಎಂದಳು ಅತ್ತೆ, "ಈಗ ಎಲುಬಿನಾಗ ಬೆಳ್ಳಿ ಇಟಗೊಂಡು ಅಡ್ಡಾಡಿದ್ರ ಮಂದಿ ಏನಂದಾರು?"

"ಮಂದಿಗೆ ಎಲ್ಲಿ ಕಾಣಸತೈತಿ ಅತ್ತಿ? ಒಳಗ ಇರತೈತಿ."

"ಎಕ್ಸ್‌ರೇದಾಗ ಕಾಣಸತೈತಿ."

ನಾನು ಬೇರೆ ದಾರಿ ಹಿಡಿದೆ. "ನಮ್ಮ ಆಯಿ ಹಲ್ಲಿಗೆ ಬೆಳ್ಳಿ ತುಂಬಿಸಿದ್ಲಲ್ಲ, ಅಜ್ಜ ಹೋದ ಮ್ಯಾಲ?" ಆಯಿ ನಿಜವಾಗಿ ತುಂಬಿಸಿಕೊಂಡಿದ್ದಳೇ? ಆ ಕ್ಷಣದಲ್ಲಿ ನನಗೆ ಅದು ಸ್ಪಷ್ಟವಾಗಿ ನೆನಪಿತ್ತು. ಈಗ ಆಯಿಯ ಬಾಯಿಯಲ್ಲಿ ಹಲ್ಲುಗಳೇ ನೆನಪಾಗುತ್ತಿಲ್ಲ.

ಅತ್ತೆ ಸೋಲಲಿಲ್ಲ. "ಬಾಯಿ ಬ್ಯಾರೆ, ಕಾಲ ಬ್ಯಾರೆ. ಹಲ್ಲ ನೋಡಿ ಯಾರೂ ಮುತ್ತೈದಿ ಅನ್ನೂದಿಲ್ಲ."

ದೊಡ್ಡವ್ವ ಇಬ್ಬರ ಮಾತನ್ನೂ ಕೇಳುತ್ತ, ಕಾಲ ಮೇಲೆ ಕೂರುವ ನೊಣವನ್ನು ಟವೆಲಿನಿಂದ ಓಡಿಸುತ್ತಿದ್ದಳು. ಹಣೆ ಮುಟ್ಟಿ ನೋಡಿದೆ, ಬಿಸಿಯಿತ್ತು. ವಾರದಲ್ಲಿ ಮೂರು ದಿನ ಕಳೆದಿದ್ದವು.

ಕೊನೆಗೆ ಅತ್ತೆಯೇ ಪರಿಹಾರ ಹೇಳಿದಳು. ಬೆಳ್ಳಿಯ ವಿಷಯ ಡಾಕ್ಟರರಿಗೇನು ಗೊತ್ತು, ಮೂಡಲಗಿಯ ಪತ್ತಾರರನ್ನು ಕೇಳೋಣ. ನಮ್ಮ ಮನೆಯ ಎಲ್ಲ ಒಡವೆ ಮಾಡಿದ ಅಕ್ಕಸಾಲಿಗರು ಅವರು. ಒಂದು ವೈದ್ಯಕೀಯ ತೀರ್ಮಾನಕ್ಕಾಗಿ ಬಂಗಾರದ ಅಂಗಡಿಗೆ ಹೋಗಲು ನಾನು ಒಪ್ಪಿದೆ. ಮರುದಿನ ಬೆಳಿಗ್ಗೆ ಟಂಟಂ ಆಟೋದ ಹಿಂದಿನ ಸೀಟಿನಲ್ಲಿ ದೊಡ್ಡವ್ವನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು.

ಪತ್ತಾರರು ಕನ್ನಡಕ ಏರಿಸಿ ಎಲ್ಲವನ್ನೂ ಕೇಳಿದರು. ಅವರ ಮುಖದಲ್ಲಿ ನಗುವಿರಲಿಲ್ಲ. ನನ್ನ ಸಂಶೋಧನೆಯ ಬಗ್ಗೆ ಅಷ್ಟು ಗಂಭೀರವಾಗಿ ಪ್ರಶ್ನೆ ಕೇಳಿದವರು ಪರೀಕ್ಷಕರಲ್ಲೂ ಇರಲಿಲ್ಲ.

"ಒಟ್ಟ ಎಷ್ಟ ಬೆಳ್ಳಿ ಹತ್ತತೈತ್ರಿ ಮೇಡಂ?"

"ಒಂದ್ ಗ್ರಾಮ್ ಸಾವಿರ ಪಾಲ ಮಾಡಿದ್ರ, ಅದರಾಗ ನಾಕೈದು ಪಾಲ."

"ಅಷ್ಟ ದಿನಾ ನನ್ನ ಉಗರಿನ ಸಂದ್ಯಾಗ ಹೋಗತೈತಿ. ಬೆಸಗಿ ಐತೇನು?"

"ಇಲ್ರಿ."

"ಕೆತ್ತನಿ?"

"ಇಲ್ರಿ."

"ತಿರಗಿ ಮಾರಾಕ ಬರತೈತೇನು?"

"ಇಲ್ರಿ."

ಪತ್ತಾರರು ಹಿಂದಕ್ಕೆ ಒರಗಿದರು. "ನೋಡ್ರಿ ಯವ್ವಾರ, ನಮ್ಮ ಕೈ ಹತ್ತಲಾರದ ಬೆಳ್ಳಿ ಒಡವಿ ಆಗೂದಿಲ್ಲ. ಅದು ಭಸ್ಮ ಇದ್ದಂಗ. ಔಷಧ. ಭಸ್ಮಕ್ಕ ಮುತ್ತೈದಿ, ಮುಂಡಿ ಅಂತ ಇಲ್ಲ."

ಅತ್ತೆಯ ಮುಖ ಸಡಿಲಾಯಿತು. ಪತ್ತಾರರು ಹೇಳಿದ ಮೇಲೆ ಹುಕ್ಕೇರಿಯಲ್ಲೂ ಹೇಳಬಹುದು. "ಆತು ಬಿಡ್ರಿ ವೈನಿ, ಔಷಧ ಅಂತ," ಎಂದಳು.

ದೊಡ್ಡವ್ವ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿದ್ದ ಕಾಲುಂಗುರಗಳನ್ನು ನೋಡುತ್ತಿದ್ದಳು.

"ನಿಮ್ಮ ಮೂರೂ ಮಂದೀದ ಮುಗೀತ?" ಎಂದಳು. "ಪತ್ತಾರ್ರ, ಅವತ್ತ ನನ್ನ ಕಾಲುಂಗುರ ತಗದಾಕಿ ಯಾರು ಗೊತ್ತೈತೇನ್ರಿ? ಈಕಿನಽ. ಸಾಬೂನ ಹಚ್ಚಿ ಜಗ್ಗಿದ್ಲು, ಬರಲಿಲ್ಲ. ಎಣ್ಣಿ ಹಚ್ಚಿ ಜಗ್ಗಿದ್ಲು. ನಿನಗ ಬೇಕೋ ಬ್ಯಾಡೋ ಅಂತ ಒಬ್ಬರಾದ್ರೂ ಕೇಳಿದ್ರೇನು?"

"ಪದ್ಧತಿ ಐತಿ ವೈನಿ, ನಾ ಒಬ್ಬಾಕಿ..."

"ಐತಿ, ಇರಲಿ. ನಾ ಏನ್ ಜಗಳಾಡಲಿಲ್ಲ. ಈಗ ಎಲುಬಿನಾಗ ಇಡ್ತಾರಂತ. ಅಲ್ಲಿಗೆ ಸಾಬೂನ ಹ್ಯಾಂಗ ಹಚ್ಚತಿ ನಾನೂ ನೋಡ್ತೇನಿ." ನನ್ನ ಕಡೆ ತಿರುಗಿದಳು. "ತಂಗೀ, ನಾ ಬರ್ತೇನಿ. ಬೆಳ್ಳೀ ರಾಡಽ ಹಾಕಸು. ಭಸ್ಮ ಅಂತ, ಔಷಧ ಅಂತ! ಬೆಳ್ಳಿ ಅಂದ್ರ ಬೆಳ್ಳಿ."

ಪತ್ತಾರರು ಕನ್ನಡಕ ತೆಗೆದು ಒರೆಸತೊಡಗಿದರು. ಅತ್ತೆ ತನ್ನ ಸ್ವಂತ ಕಾಲುಂಗುರಗಳನ್ನು ಸೀರೆಯ ಅಂಚಿನ ಕೆಳಗೆ ಎಳೆದುಕೊಂಡಳು. ಎಲ್ಲರೂ ಒಪ್ಪಿದ್ದರು. ಆದರೆ ಡಾಕ್ಟರು ಬೆಳ್ಳಿಯ ಮಾತೇ ಆಡಿರಲಿಲ್ಲ. ಅವರು ಹೇಳಿದ್ದು "ಔಷಧಿ ಇರುವ ರಾಡು" ಎಂದು. ಬೆಳ್ಳಿಯನ್ನು ಅದಕ್ಕೆ ಲೇಪಿಸಿದವಳು ನಾನು.

ಗೊತ್ತಿದ್ದೂ ಹೇಳಿದೆನೇ? ಬಹಳ ಸಲ ಕೇಳಿಕೊಂಡಿದ್ದೇನೆ. ಅಂಥ ರಾಡು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕಂಡದ್ದಿಲ್ಲ ಎಂಬುದು ನನ್ನ ತಲೆಯ ಯಾವುದೋ ಮೂಲೆಯಲ್ಲಿ ಇದ್ದೇ ಇತ್ತು. ಫೋನಿನಲ್ಲಿ ಚಿತ್ರ ತೋರಿಸುವಾಗ ಆ ಮೂಲೆಗೆ ಹೋಗಲಿಲ್ಲ, ಅಷ್ಟೇ. ಟಂಟಂನಲ್ಲಿ ವಾಪಸು ಬರುವಾಗ ಹೇಳಬೇಕೆಂದುಕೊಂಡೆ. ರಸ್ತೆ ಕೆಟ್ಟಿದೆ, ಮನೆಯಲ್ಲಿ ಹೇಳೋಣ ಎಂದುಕೊಂಡೆ. ಮನೆಯಲ್ಲಿ, ಆಪರೇಷನ್ ಆದ ಮೇಲೆ ಹೇಳೋಣ ಎಂದುಕೊಂಡೆ. ಅವತ್ತಿನ ಡೈರಿಯಲ್ಲಿ "ಎಲ್ಲ ಸುಸೂತ್ರ" ಎಂದಿದೆ.

ಗೋಕಾಕದ ಆಸ್ಪತ್ರೆಯಲ್ಲಿ ಸೇರಿಸಿದ ದಿನ ಮಧ್ಯಾಹ್ನ ಡಾಕ್ಟರು ಮಂಚದ ಬಳಿ ಬಂದರು. ಆಪರೇಷನ್ ಮರುದಿನ ಬೆಳಿಗ್ಗೆ.

"ಡಾಕ್ಟರ್ರ," ಎಂದಳು ದೊಡ್ಡವ್ವ, "ಬೆಳ್ಳಿ ಛೊಲೋದ ನೋಡಿ ಹಾಕ್ರಿ ಮತ್ತ. ಕಲಬೆರಕಿ ಬ್ಯಾಡ."

"ಯಾವ ಬೆಳ್ಳಿ ಯವ್ವಾ?"

ಡಾಕ್ಟರು ನನ್ನನ್ನು ನೋಡಿದರು. ನಾನು ಸಲೈನ್ ಬಾಟಲಿಯನ್ನು ನೋಡಿದೆ. ಅದು ಹನಿ ಹನಿಯಾಗಿ ಚೆನ್ನಾಗಿ ಬೀಳುತ್ತಿತ್ತು.

ಅವರು ಒಳ್ಳೆಯ ಮನುಷ್ಯ. ಮಂಚದ ಅಂಚಿಗೆ ಕೂತು ವಿವರಿಸಿದರು. ಎಲುಬಿನ ಸಿಮೆಂಟ್ ಅಂತ ಒಂದು ಪುಡಿ ಇರುತ್ತದೆ. ಅದರಲ್ಲಿ ಸೋಂಕಿನ ಔಷಧಿ ಕಲಸಿ, ಸಣ್ಣ ರಾಡಿನ ಸುತ್ತ ಗಟ್ಟಿ ಮಾಡಿ ಒಳಗೆ ಇಡುತ್ತೇವೆ. ಔಷಧಿ ಅಲ್ಲೇ, ಸೋಂಕು ಇದ್ದ ಜಾಗದಲ್ಲೇ, ದಿನಾ ಸ್ವಲ್ಪ ಸ್ವಲ್ಪ ಬಿಡುತ್ತದೆ. "ಕಡ್ಡಿ ಸುತ್ತ ಕುಲ್ಫಿ ಇರತೈತಲ್ಲ ಯವ್ವಾ, ಹಂಗ."

"ಸಿಮೆಂಟ್?" ಎಂದಳು ದೊಡ್ಡವ್ವ. "ನಾ ಏನ್ ನೀರಿನ ಟಾಕಿ?"

"ಅದು ಬ್ಯಾರೆ ಸಿಮೆಂಟ್ ಯವ್ವಾ. ಮೇಡಂ ಹೇಳೂ ಬೆಳ್ಳೀ ರಾಡ್ ನಮ್ಮಲ್ಲಿ ಇಲ್ಲ. ಆದ್ರ ಇದು ಕೆಲಸ ಮಾಡತೈತಿ, ನನ್ನ ಮ್ಯಾಲ ನಂಬಗಿ ಇಡ್ರಿ." ಅವರು ಹೋದರು.

ದೊಡ್ಡವ್ವ ನನ್ನನ್ನು ನೋಡಿದಳು. "ಸುಳ್ಳ ಹೇಳಿದಿ?"

"ಸುಳ್ಳಲ್ಲ ದೊಡವ್ವಾ. ಅದು ಐತಿ. ಇಲ್ಲಿಲ್ಲ."

"ಐತಿ, ಇಲ್ಲಿಲ್ಲ ಅಂದ್ರ ನಮ್ಮೂರಾಗ ಅದಕ್ಕ ಇಲ್ಲಾ ಅಂತಾರ."

ಅತ್ತೆಗೆ ಖುಷಿ ತಡೆಯಲಾಗಲಿಲ್ಲ. "ಛೊಲೋನಽ ಆತಲ್ಲ ವೈನಿ! ಬೆಳ್ಳೀನೂ ಇಲ್ಲ, ಮಂದಿ ಮಾತೂ ಇಲ್ಲ. ಹೆಬ್ಬಟ್ಟ ಒತ್ರಿ."

ಒಪ್ಪಿಗೆಯ ಕಾಗದವನ್ನು ದೊಡ್ಡವ್ವ ದಿಂಬಿನ ಕೆಳಗೆ ತುರುಕಿದಳು. ಬೆಳ್ಳಿ ಇದೆ ಎಂದು ಬೇಡ ಅಂದವಳು, ಈಗ ಬೆಳ್ಳಿ ಇಲ್ಲವೆಂದು ಬೇಡ ಅಂದಳು. ನರ್ಸು ಎರಡು ಸಲ ಬಂದು ಕಾಗದ ಕೇಳಿಹೋದಳು. ಮೂರನೆಯ ಸಲ, ಸಂಜೆಯೊಳಗೆ ಸಹಿ ಆಗದಿದ್ದರೆ ನಾಳೆಯ ಜಾಗ ಬೇರೆಯವರಿಗೆ ಹೋಗುತ್ತದೆ ಎಂದಳು. ಜ್ವರ ನೂರಾ ಎರಡಿತ್ತು.

ಮುಂದಿನದು ಯಾರ ಯೋಚನೆ ಎಂಬುದರಲ್ಲಿ ನಮ್ಮಿಬ್ಬರಿಗೂ ಇಂದಿಗೂ ಒಮ್ಮತವಿಲ್ಲ. ದೊಡ್ಡವ್ವನೇ "ಹಂಗಾರ ಹೊರಗರ ಹಾಕು" ಎಂದಳು ಎಂದು ನನ್ನ ನೆನಪು. ಅವಳ ಪ್ರಕಾರ ನಾನೇ ಮಾತಿಲ್ಲದೆ ಎದ್ದು, ಸೀರೆಯ ಅಂಚಿನಿಂದ ದಾರ ಕಿತ್ತು ಅವಳ ಬಲಗಾಲಿನ ಬೆರಳು ಅಳೆದುಕೊಂಡು ಹೋದೆ. ಆ ದಿನದ ಡೈರಿ ಪುಟ ಖಾಲಿ. ಗೋಕಾಕದ ಪೇಟೆಯಲ್ಲಿ ಒಂದು ದಾರದ ತುಂಡು ಹಿಡಿದು ಅಂಗಡಿ ಹುಡುಕಿದ್ದು ಮಾತ್ರ ನಿಜ. ಒಂದು ಜೊತೆ ಕಾಲುಂಗುರ ಇನ್ನೂ ನನ್ನ ಕಣ್ಣಮುಂದಿವೆ: ಸಡಿಲಿಸಲು ಸಂದಿಲ್ಲದ, ಪೂರ್ತಿ ಸುತ್ತಿನ, ದಪ್ಪನೆಯವು.

ನಾನು ತಂದದ್ದನ್ನು ನೋಡಿ ಅತ್ತೆ ಗೋಡೆಯ ಕಡೆ ತಿರುಗಿ ಕೂತಳು. "ನಾ ಏನೂ ನೋಡಿಲ್ಲ. ಮಂದಿ ಕೇಳಿದ್ರ ನಾ ಹುಕ್ಕೇರ್ಯಾಗ ಇದ್ದೆ."

"ಮಂದಿ, ಮಂದಿ!" ಎಂದಳು ದೊಡ್ಡವ್ವ, ನನ್ನತ್ತ ಬೆರಳು ತೋರಿಸಿ. "ಈಕಿ ಕಾಲ ನೋಡು. ಗಂಡ ಉಂಡುಟ್ಟ ಆರಾಮ ಅದಾನ. ಈಕಿ ಬೋಳ ಕಾಲಾಗ ಬೂಟ ಹಾಕ್ಕೊಂಡ ಕಾಲೇಜಿಗೆ ಹೋಗತಾಳ. ಮಂದಿ ಏನಂದ್ರು? ಪಗಾರ ಕೊಟ್ರು!"

ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ನಕ್ಕಳು. ಭುಜ ಅಲುಗಿದ್ದು ಕಂಡಿತು.

ಬಲಗಾಲಿಗೆ ಉಂಗುರ ಸಲೀಸಾಗಿ ಹೋಯಿತು. ಎಡಗಾಲಿನ ಬೆರಳು ಬಾತು ಬದನೆಕಾಯಿಯಾಗಿತ್ತು, ಉಗುರಿನಿಂದ ಮುಂದೆ ಹೋಗಲಿಲ್ಲ. ದೊಡ್ಡವ್ವ ಬಲಗಾಲನ್ನು ಸ್ವಲ್ಪ ಹೊತ್ತು ಆಚೀಚೆ ತಿರುಗಿಸಿ ನೋಡಿದಳು. ಆಮೇಲೆ ದಿಂಬಿನ ಕೆಳಗಿನಿಂದ ಕಾಗದ ತೆಗೆದು, ಹೆಬ್ಬೆಟ್ಟು ಒತ್ತಿದಳು.

ಮರುದಿನ ಬೆಳಿಗ್ಗೆ ನರ್ಸು ಬಂದು, ಮೈಮೇಲೆ ಯಾವ ಲೋಹವೂ ಇರಬಾರದು, ಉಂಗುರ ತೆಗೆಯಬೇಕು ಎಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲ ಮುಗಿಯಿತು ಎಂದುಕೊಂಡೆ. ನರ್ಸು ಕಾಲಿನ ಕಡೆ ಬಾಗಿದಳು.

"ಕೈ ಹಚ್ಚಬ್ಯಾಡವಾ," ಎಂದಳು ದೊಡ್ಡವ್ವ. ಎದ್ದು ಕೂತು, ತನ್ನ ಕೈಯಿಂದಲೇ ನಿಧಾನವಾಗಿ ತಿರುಗಿಸಿ ತೆಗೆದು, ನನ್ನ ಅಂಗೈಯಲ್ಲಿ ಇಟ್ಟಳು. "ಈ ಸಲಾ ನಾನಽ ತಗದೇನಿ."

ಅತ್ತೆ ಆಗ ಗೋಡೆ ನೋಡುತ್ತಿರಲಿಲ್ಲ.

ಡಾಕ್ಟರು ನನಗೆ ದೊಡ್ಡ ಉಪಕಾರವೆಂಬಂತೆ, ರಾಡು ತಯಾರಿಸುವುದನ್ನು ನೋಡಲು ಒಳಗೆ ಕರೆದರು. ಹಸಿರು ನಿಲುವಂಗಿ ತೊಟ್ಟು ಮೂಲೆಯಲ್ಲಿ ನಿಂತೆ. ಪುಡಿಗೆ ಔಷಧಿ ಬೆರೆಸಿ, ದ್ರವ ಹಾಕಿ ಕಲಸಿ, ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ತುಂಬಿ, ನಡುವೆ ಸಣ್ಣ ರಾಡು ತೂರಿಸಿದರು. ಗಟ್ಟಿಯಾಗುವವರೆಗೆ ಕಾದು ಕೊಳವೆಯನ್ನು ಸಿಪ್ಪೆಯಂತೆ ಸೀಳಿದರು. ಕುಲ್ಫಿಯೇ. ಹೆಚ್ಚೆಂದರೆ ಕಾಲು ಗಂಟೆ. ನನ್ನ ಆರು ವರ್ಷ, ಹೊರದೇಶದಿಂದ ತರಿಸಿದ ಯಂತ್ರ, ಅದು ಕೆಟ್ಟಾಗ ಅತ್ತ ದಿನಗಳು ಎಲ್ಲ ನೆನಪಾದವು. ಈ ನೆನಪುಗಳಲ್ಲಿ ಅನುಮಾನವೇನೂ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಸೋಂಕು ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ವಾರಗಳು ಬೇಕು. ಹೋದದ್ದು ಮತ್ತೆ ಬರಬಹುದು ಎಂಬುದೂ ನನ್ನ ಪ್ರಬಂಧದ ಮೊದಲ ಪುಟದಲ್ಲೇ ಇದೆ. ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ನಾನು ವಾರವಾರ ಕುಲಗೋಡಕ್ಕೆ ಹೋಗಿ, ವರದಿಯ ಅಂಕಿಗಳನ್ನು ದೊಡ್ಡವ್ವನಿಗೆ ಓದಿ ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳದು ಬೇರೆ ಪರೀಕ್ಷೆ. ಬಲಗಾಲಿನ ಉಂಗುರ ಮನೆಗೆ ಬಂದ ದಿನವೇ ಏರಿತ್ತು. ಎಡಗಾಲಿನದನ್ನು ಪ್ರತಿದಿನ ಬೆಳಿಗ್ಗೆ ಚಹಾ ಕುಡಿದ ಮೇಲೆ ಬೆರಳಿಗೆ ತೊಡಿಸಿ ನೋಡುವುದು. ಬಾವು ಇಳಿದಷ್ಟು ಉಂಗುರ ಮುಂದೆ ಹೋಗುತ್ತದೆ. ಮೊದಲು ಉಗುರಿನವರೆಗೆ, ಆಮೇಲೆ ಉಗುರಿನ ಬುಡದವರೆಗೆ, ಹತ್ತು ದಿನ ಬಿಟ್ಟು ಗೆಣ್ಣಿನವರೆಗೆ. ಒಂದು ದಿನ ಹಿಂದಕ್ಕೆ ಬಂತು. ಅವತ್ತು ನಾನು ಕಾಲೇಜಿಗೆ ರಜೆ ಹಾಕಿ ಓಡಿಬಂದೆ. ಹಿಂದಿನ ದಿನ ಅವಳು ಡಾಕ್ಟರ ಮಾತು ಮೀರಿ ಕುರಿದೊಡ್ಡಿಯವರೆಗೆ ನಡೆದಿದ್ದಳು, ಟಗರಿಗೆ ಬೈಯಲು.

ಹುಕ್ಕೇರಿಯಿಂದ ಅತ್ತೆಯ ಫೋನು ದಿನಾ ಬರುತ್ತಿತ್ತು. ಕಾಲು ಹೇಗಿದೆ ಎಂದು ಕೇಳಿದರೆ ದೊಡ್ಡವ್ವ "ಐತಿ" ಎಂದಷ್ಟೇ ಹೇಳುತ್ತಿದ್ದಳು. ಹಾಗಾಗಿ ಅತ್ತೆ ಪ್ರಶ್ನೆಯನ್ನೇ ಬದಲಿಸಿದಳು. "ಹೋತೇನ್ರಿ ವೈನಿ?"

"ಇಲ್ಲ. ಗೆಣ್ಣಿಗೆ ನಿಂತೈತಿ."

"ಸ್ವಲ್ಪ ತಿರುವಿ ನೋಡಬೇಕಿತ್ತು."

"ತಿರುವೇನಿ."

"ನಾಳಿಗೆ ಹೋಗತೈತಿ ಬಿಡ್ರಿ."

ಕಾಲುಂಗುರ ಹಾಕಬಾರದೆಂದು ಹಟ ಹಿಡಿದವಳು, ಅದು ಹೋಗಲೆಂದು ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿಯುತ್ತಿದ್ದಳಂತೆ. ಇದು ಅವಳೇ ಹೇಳಿದ್ದು, ನನ್ನ ನೆನಪಲ್ಲ.

ಹೋದ ದಿನ ಭಾನುವಾರ. ನಾನು ಅಲ್ಲೇ ಇದ್ದೆ. ದೊಡ್ಡವ್ವ ಚಹಾದ ಲೋಟ ಕೆಳಗಿಟ್ಟು, ಉಂಗುರ ತೊಡಿಸಿ, ಗೆಣ್ಣಿನ ಬಳಿ ಒಮ್ಮೆ ತಿರುವಿದಳು. ಅದು ದಾಟಿ ಬುಡಕ್ಕೆ ಹೋಗಿ ಕೂತಿತು. ತೂತು ಇದ್ದ ಜಾಗ ಒಣಗಿ ಗುಲಾಬಿ ಬಣ್ಣದ ಚರ್ಮ ಬಂದಿತ್ತು. ಅಷ್ಟರಲ್ಲಿ ಫೋನು ಬಂತು. ಅವಳು ಸ್ಪೀಕರ್ ಒತ್ತಿದಳು.

"ಹೋತೇನ್ರಿ ವೈನಿ?"

"ಹೋತು."

ಆ ಕಡೆ ಅತ್ತೆ ಜೋರಾಗಿ ಅಳುವುದು ಕೇಳಿಸಿತು. ಮೂಗು ಒರೆಸಿಕೊಂಡಳು. ಮನೆಯಲ್ಲಿ ಯಾರಿಗೋ "ಹೋತಂತ, ಹೋತಂತ" ಎಂದು ಕೂಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಕಾಲಂತೂ ನೆಟ್ಟಗಾತಲ್ಲ ವೈನಿ. ಇನ್ನ ತಗದ್ ಇಟ್ರ ನಡೀತೈತ್ರಿ" ಎಂದಳು.

ದೊಡ್ಡವ್ವ ಫೋನನ್ನು ನನ್ನ ಕೈಗೆ ಕೊಟ್ಟು, ಕೋಲು ಹಿಡಿದು ಎದ್ದಳು.

"ರೇಂಜ್ ಇಲ್ಲಂತ ಹೇಳು," ಎಂದು ದೊಡ್ಡಿಯ ಕಡೆ ನಡೆದಳು.